ಒಂದೇ ತೊಡೆಗೆ ನೈಲೂ ಪ್ಲೇಟೂ: ನನ್ನ ಅನುಭವ

ನನ್ನ ಟೇಬಲ್ ಡ್ರಾಯರ್‌ನಲ್ಲಿ ಎರಡು ತುಂಡಾದ ಪ್ಲೇಟ್ ಒಂದಿದೆ. ಎರಡೂ ಮಂಡಿ ಬದಲಾಯಿಸಿಕೊಂಡಿದ್ದ ಅಜ್ಜಿಯೊಬ್ಬರದ್ದು. ಬಚ್ಚಲಲ್ಲಿ ಜಾರಿ, ಕೃತಕ ಮಂಡಿಗೆ ಸರಿಯಾಗಿ ಮೇಲೆ ತೊಡೆಮೂಳೆ ಮುರಿದಿತ್ತು. ಲಾಕಿಂಗ್ ಪ್ಲೇಟ್ (ಸ್ಕ್ರೂ ತಲೆಗಳು ತೂತಿಗೇ ಬಿಗಿಯಾಗಿ ಕೂರುವ ಲೋಹದ ಪಟ್ಟಿ) ಹಾಕಿ ಕಂಡ ಕಂಡ ತೂತಿಗೆಲ್ಲ ಸ್ಕ್ರೂ ತುಂಬಿದ್ದೆ. ಎಕ್ಸ್‌ರೇ ನೋಡಿ ನನಗೇ ಖುಷಿ. ಅಷ್ಟು ಬಿಗಿ ಮಾಡಿದರೆ ಕ್ಯಾಲಸ್, ಅಂದರೆ ಮುರಿತ ಬೆಸೆಯುವ ಹೊಸ ಮೂಳೆ, ಎಲ್ಲಿಂದ ಬರಬೇಕು? ಐದನೇ ತಿಂಗಳಿಗೆ ಪ್ಲೇಟ್ ಮುರಿಯಿತು. ಎರಡನೇ ಆಪರೇಷನ್ನಿಗೆ ನನ್ನ ಫೀಸ್ ತಗೊಳ್ಳಲಿಲ್ಲ. ಆದರೂ ಇಂಪ್ಲಾಂಟು, ರಕ್ತ, ಐಸಿಯು ಅಂತ ಅವರಿಗೆ ಒಂದೂವರೆ ಲಕ್ಷ ಬಿತ್ತು.

ಮುಂದಿನ ಕೇಸಿಗೆ ರೆಟ್ರೋಗ್ರೇಡ್ ನೈಲ್ (ಮಂಡಿ ಕಡೆಯಿಂದ ತೊಡೆಮೂಳೆಯ ಒಳಗೆ ಮೇಲಕ್ಕೆ ತೂರಿಸುವ ಲೋಹದ ಸರಳು) ಹಿಡಿದು ಹೊರಟೆ. ಮಂಡಿ ಬದಲಾಯಿಸಿದಾಗಿನ ಹಳೆ ನೋಟ್ಸ್ ಇರಲಿಲ್ಲ. ತೆರೆದು ನೋಡಿದರೆ ಬಾಕ್ಸ್ ಮುಚ್ಚಿದ ಪಿಎಸ್ (ಪೋಸ್ಟೀರಿಯರ್ ಸ್ಟೆಬಿಲೈಸ್ಡ್) ಮಂಡಿ! ಅದರ ನಡುವಿನ ಲೋಹದ ಪೆಟ್ಟಿಗೆ ಮುಚ್ಚಿದ್ದರೆ ನೈಲ್ ಒಳಗೆ ಹೋಗಲು ದಾರಿಯೇ ಇಲ್ಲ. ಒಂದು ಗಂಟೆ ದಂಡ ಮಾಡಿಕೊಂಡು ಮತ್ತೆ ಪ್ಲೇಟಿಗೇ ಬಂದೆ. ಈಗ ಮೊದಲು ಮನೆಯವರಿಗೆ ಬೀರು ಹುಡುಕಲು ಹೇಳುತ್ತೇನೆ. ಪಾಸ್‌ಬುಕ್ ಇರುವ ಪ್ಲಾಸ್ಟಿಕ್ ಕವರಿನಲ್ಲೇ ಹತ್ತರಲ್ಲಿ ಆರು ಸಲ ಯಾವ ಮಂಡಿ ಹಾಕಿದ್ದಾರೆ ಅಂತ ಹೇಳುವ ಇಂಪ್ಲಾಂಟ್ ಸ್ಟಿಕ್ಕರ್ ಸಿಗುತ್ತದೆ.

ಆಮೇಲೆ, ಭಾರ ಹಂಚಿಕೊಳ್ಳಲಿ ಅಂತ ನೈಲ್ ಮತ್ತು ಪ್ಲೇಟ್ ಎರಡನ್ನೂ ಒಟ್ಟಿಗೆ ಹಾಕುತ್ತೇನೆ ಅಂದೆ. ಸೀನಿಯರ್ ಒಬ್ಬರು, 'ಎಂಬತ್ತು ವರ್ಷದ ಮೂಳೆಗೆ ಎರಡು ಇಂಪ್ಲಾಂಟಾ? ಕಂಪನಿಯವರು ನಿನಗೇನಾದ್ರೂ ಕೊಡ್ತಾರಾ?' ಎಂದು ನಕ್ಕರು. ನಾನೂ ನಕ್ಕು ಸುಮ್ಮನಾದೆ. 2017ರಲ್ಲಿ ಸರ್ಕಾರ ಕೋಬಾಲ್ಟ್ ಕ್ರೋಮ್ ಮಂಡಿಗೆ 54,720 ರೂಪಾಯಿ ಅಂತ ಮಿತಿ ಹಾಕಿತು. ಮುರಿದ ಮೇಲೆ ಹಾಕುವ ಪ್ಲೇಟು, ನೈಲಿಗೆ ಆಗ ಅಂಥ ಮಿತಿ ಹಾಕಲಿಲ್ಲ. ದೇಶೀ ಟೈಟಾನಿಯಂ ಸೆಟ್ ತಗೊಂಡರೆ ಎರಡೂ ಸೇರಿ ಮೂವತ್ತು ಮೂವತ್ತೈದು ಸಾವಿರ. ಡಿಸ್ಟಲ್ ಫೀಮರ್ (ತೊಡೆಮೂಳೆಯ ಕೆಳತುದಿ) ಪೂರ್ತಿ ಬದಲಾಯಿಸಲು ಹೋದರೆ ಐದಾರು ಲಕ್ಷ. ಲೆಕ್ಕ ಅಲ್ಲೇ ಮುಗಿಯಿತು, ಅಲ್ವಾ?

ಕೃತಕ ಮಂಡಿಯ ಕಾಂಪೊನೆಂಟ್ ಸಡಿಲವಾಗಿದ್ದರೆ ಈ ಸಾಹಸವೇ ಬೇಡ. ಸಿ-ಆರ್ಮ್ (ಥಿಯೇಟರ್‌ನ ಎಕ್ಸ್‌ರೇ ಯಂತ್ರ) ಕೆಳಗೆ ಅಲ್ಲಾಡಿಸಿ ನೋಡಿಯೇ ಮುಂದೆ ಹೋಗಿ. ತೆರೆದ ಬಾಕ್ಸ್ ಇದ್ದರೂ ಪಿಎಸ್‌ನಲ್ಲಿ ನೈಲಿನ ಎಂಟ್ರಿ ಹಿಂದಕ್ಕೆ ಸರಿಯುತ್ತದೆ, ಕೆಳಗಿನ ತುಂಡು ಹಿಂದಕ್ಕೆ ಬಾಗುತ್ತದೆ. ನನ್ನ ಮೂರನೇ ಕೇಸಿನಲ್ಲಿ ಹತ್ತು ಡಿಗ್ರಿ ಬಾಗಿಯೇ ಕೂಡಿತು. ಈಗ ಮೊದಲೇ ಒಂದು ಬ್ಲಾಕಿಂಗ್ ಸ್ಕ್ರೂ (ನೈಲ್ ದಾರಿ ತಪ್ಪದಂತೆ ತಡೆಯುವ ಸ್ಕ್ರೂ) ಹಾಕುತ್ತೇನೆ. ಪಾಲಿ ಇನ್ಸರ್ಟ್ (ಕೃತಕ ಮಂಡಿಯ ನಡುವಿನ ಪ್ಲಾಸ್ಟಿಕ್ ತುಂಡು) ಅಡ್ಡ ಬಂದರೆ ಗುದ್ದಾಡಬೇಡಿ, ತೆಗೆದುಬಿಡಿ, ಹೊಸದೊಂದು ತರಿಸಿಟ್ಟಿರಿ. ಮೂಳೆ ಒಳಗೆ ಕೊರೆಯುವ ರೀಮರ್‌ಗೆ ಸ್ಲೀವ್ (ರಕ್ಷಣೆಯ ಕೊಳವೆ) ಇಲ್ಲದೆ ಕೈ ಹಾಕಬೇಡಿ. ಲೋಹದ ಮೇಲೆ ಒಂದು ಗೀರು ಬಿದ್ದರೂ ಪಾಲಿ ಸವೆಯುತ್ತದೆ.

ನೈಲ್ ಲೆಸ್ಸರ್ ಟ್ರೊಕ್ಯಾಂಟರ್ (ತೊಡೆಮೂಳೆಯ ಮೇಲ್ತುದಿ ಹತ್ತಿರದ ಸಣ್ಣ ಉಬ್ಬು) ತನಕ. ಹೊರಪಕ್ಕದಲ್ಲಿ ಉದ್ದನೆಯ ಲ್ಯಾಟರಲ್ ಪ್ಲೇಟ್. ಪ್ಲೇಟಿನ ಒಂದು ಸ್ಕ್ರೂವಾದರೂ ನೈಲಿನ ತೂತು ದಾಟಿ ಹೋಗಬೇಕು. ಅದೇ ಇಡೀ ಕೆಲಸದ ಬೀಗ. ಅದನ್ನು ಫ್ರೀಹ್ಯಾಂಡ್‌ನಲ್ಲಿ ಮೊದಲ ಸಲಕ್ಕೇ ಕೂರಿಸಲು ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಅದನ್ನು ಬರೆಯಲ್ಲ, ಥಿಯೇಟರ್‌ಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಬೇರೆ ಹುಚ್ಚೂ ಹಿಡಿದಿತ್ತು. ಪಿಆರ್‌ಪಿ (ರೋಗಿಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವ) ಮೂರು ಜನಕ್ಕೆ ಹಾಕಿದೆ, ದುಡ್ಡು ದಂಡ. ಹಿಪ್ ಸ್ಟೆಮ್ (ತೊಡೆಮೂಳೆಯೊಳಗೆ ಕೂರುವ ಕೃತಕ ಸೊಂಟದ ಕಾಂಡ) ಸುತ್ತ ಮುರಿದಲ್ಲಿ ದುಬಾರಿ ಕೇಬಲ್ ಬದಲು 18 ಗೇಜ್ ಎಸ್‌ಎಸ್ ವೈರ್ ಜೋಡಿಯಾಗಿ ಸುತ್ತಿದೆ. ಇಂಥ ಮುರಿತಗಳ ವ್ಯಾಂಕೂವರ್ ವಿಂಗಡಣೆಯಲ್ಲಿ ಸ್ಟೆಮ್ ಗಟ್ಟಿ ಇರುವ ಬಿ1ರಲ್ಲಿ ಪ್ಲೇಟ್ ಜೊತೆಗೆ ಚೆನ್ನಾಗಿಯೇ ನಿಂತಿತು. ಒಮ್ಮೆ ಸ್ಟೆಮ್ ಸಡಿಲವಾದ ಬಿ2ವನ್ನು ಬಿ1 ಅಂತ ಓದಿ ಕೈಸುಟ್ಟುಕೊಂಡೆ. ಅದರ ಕಥೆ ಇನ್ನೊಮ್ಮೆ. ಮೂಳೆ ಬೆಳೆಸುವ ಟೆರಿಪಾರಟೈಡ್ ಇಂಜೆಕ್ಷನ್ ಬರೆದುಕೊಟ್ಟರೆ ಎರಡನೇ ಪೆನ್ ಆಗುತ್ತಲೇ ಮನೆಯವರು ನಿಲ್ಲಿಸುತ್ತಾರೆ.

ನೈಲೂ ಪ್ಲೇಟೂ ಒಟ್ಟಿಗೆ ಹಾಕಿ ಇಲ್ಲಿವರೆಗೆ ಹನ್ನೊಂದೋ ಹನ್ನೆರಡೋ ತೊಡೆ ಮಾಡಿರಬೇಕು. ಒಬ್ಬರಿಗೆ ಇನ್ಫೆಕ್ಷನ್, ಒಬ್ಬರು ನಾಲ್ಕನೇ ತಿಂಗಳು ಹೃದಯಾಘಾತದಲ್ಲಿ ಹೋದರು. ಉಳಿದವರದ್ದು ಕೂಡಿದೆ. ಎಲ್ಲರನ್ನೂ ಮಾರನೇ ದಿನವೇ ವಾಕರ್ ಹಿಡಿಸಿ ಪೂರ್ತಿ ಭಾರ ಹಾಕಿ ನಿಲ್ಲಿಸಿದ್ದೇನೆ. ಮೊದಲ ಸಲ ಫಿಸಿಯೋ ಹುಡುಗಿ, 'ಸರ್, ನಿಜವಾಗ್ಲೂ ಭಾರ ಹಾಕಿಸ್ಲಾ?' ಎಂದು ಮೂರು ಸಲ ಕೇಳಿದಳು.

ನಕ್ಕಿದ್ದ ಸೀನಿಯರ್ ಹೋದ ತಿಂಗಳು ತಮ್ಮದೇ ಒಂದು ಕೇಸ್ ಕಳಿಸಿದರು. ದಾವಣಗೆರೆ ಕಡೆಯ ಅಜ್ಜಿ, ಎಪ್ಪತ್ತೆಂಟು ವರ್ಷ. ಆರನೇ ವಾರ ಚೆಕಪ್‌ಗೆ ಬರಿಗೈಯಲ್ಲಿ ನಡೆದು ಬಂದರು. 'ವಾಕರ್ ಎಲ್ಲಜ್ಜಿ?' ಅಂದೆ.

'ಮಾಳಿಗೆ ಮೇಲೈತಿ ಡಾಕ್ಟ್ರೇ, ಅದರ ಮ್ಯಾಲೆ ಶಾವಿಗೆ ಒಣಗಾಕೀನಿ' ಅಂದರು.