ಗಾಲ್ಫ್‌ನ ಪಾರ್-3ರಲ್ಲಿ ನೈನ್ ಐರನ್‌ಗೂ ಟೀ ಬೇಕು. ಆದರೆ ತಲೆಯಷ್ಟೇ ಕಾಣಲಿ

ಪಾರ್-3 ಹೋಲ್‌ಗೆ (ಮೂರು ಹೊಡೆತಕ್ಕೆ ಮುಗಿಸಬೇಕಾದ ಚಿಕ್ಕ ಹೋಲ್) ಬಂದು, ಕಡಿಮೆ ದೂರದ ಕ್ಲಬ್ಬಾದ ನೈನ್ ಐರನ್ ಕೈಗೆತ್ತಿಕೊಂಡ ಕೂಡಲೇ ಅರ್ಧ ಜನ ಟೀ, ಅಂದರೆ ಚೆಂಡು ಕೂರಿಸುವ ಪುಟ್ಟ ಗೂಟ, ಮರೆತೇಬಿಡುತ್ತಾರೆ. ಚೆಂಡನ್ನು ಹುಲ್ಲಿನ ಮೇಲೆ ಬೀಳಿಸಿ, ಕ್ಲಬ್‌ನಿಂದ ಒಂಚೂರು ಆಚೀಚೆ ಉರುಳಿಸಿ ಹೊಡೆದುಬಿಡುತ್ತಾರೆ. ಉಳಿದರ್ಧ ಜನ ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ಗೆ ಇಡುವ ಉದ್ದ ಟೀಯನ್ನೇ ಚುಚ್ಚಿ, ಚೆಂಡನ್ನು ಇಂಚಿನಷ್ಟು ಮೇಲೆ ಕೂರಿಸುತ್ತಾರೆ. ಇಪ್ಪತ್ತು ವರ್ಷಗಳಿಂದ ಬೆಂಗಳೂರಿನ ಕೋರ್ಸ್‌ಗಳಲ್ಲಿ ಇದನ್ನೇ ನೋಡುತ್ತಿದ್ದೇನೆ. ನೆಲದಿಂದ ಹೊಡೆಯಲು ನಿಯಮದ ಅಡ್ಡಿಯಿಲ್ಲ, ನಿಜ. ಆದರೂ ಎಂಟನೇ ಐರನ್, ಒಂಬತ್ತನೇ ಐರನ್, ಪಿಚಿಂಗ್ ವೆಜ್, ಕ್ಲಬ್ ಯಾವುದೇ ಇರಲಿ, ಟೀ ಇಡಲು ಅವಕಾಶವಿರುವ ಕಡೆ ಟೀ ಇಡಿ. 18 ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳು) ಗೆದ್ದ ಜ್ಯಾಕ್ ನಿಕ್ಲಾಸ್ ಅವರ ಸಲಹೆಯೂ ಅದೇ.

ಕಾರಣ ಸರಳ. ಕ್ಲಬ್‌ನ ಮುಖಕ್ಕೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿಕೊಂಡರೆ, ಅದರಲ್ಲೂ ಇಬ್ಬನಿ ಬಿದ್ದ ಹುಲ್ಲಾದರೆ, ಮುಖದ ಮೇಲಿನ ಗೀರುಗಳಿಗೆ ಚೆಂಡು ಸಿಗುವುದಿಲ್ಲ. ಸ್ಪಿನ್ ಕಡಿಮೆಯಾಗುತ್ತದೆ, ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಬಿದ್ದ ಚೆಂಡು ನಿಲ್ಲದೆ ಗ್ರೀನ್ ದಾಟಿ ಆಚೆಗೆ ಓಡುತ್ತದೆ. ಜೊತೆಗೆ ಪಾರ್-3ರ ಟೀ ಜಾಗದಲ್ಲಿ ಎಲ್ಲರೂ ಐರನ್ನೇ ಬೀಸುವುದರಿಂದ ನೆಲವೆಲ್ಲ ಡಿವಟ್ ಗುಳಿ (ಕ್ಲಬ್ ಹುಲ್ಲು, ಮಣ್ಣು ಕಿತ್ತ ಗುರುತು). ಅಂಥ ನೆಲದಲ್ಲಿ ಒಳ್ಳೆಯ ಹುಲ್ಲು ಹುಡುಕುವುದಕ್ಕಿಂತ ಟೀ ಚುಚ್ಚುವುದು ಸುಲಭ.

ಮೊದಲು ಜಾಗ. ಟೀ ಜಾಗದ ಮುಂದಿನ ಗಡಿ ತೋರಿಸುವ ಎರಡು ಮಾರ್ಕರ್‌ಗಳ ಗೆರೆಯಲ್ಲೇ ಆಡಬೇಕೆಂದಿಲ್ಲ. ಅಲ್ಲಿಂದ ಎರಡು ಕ್ಲಬ್ ಉದ್ದದವರೆಗೆ ಹಿಂದೆ ಸರಿಯಬಹುದು. ಕಾಲು ಸಮತಟ್ಟಾಗಿ ನಿಲ್ಲುವ ಕಡೆ ಆರಿಸಿ. ಚೆಂಡು ಒಳಗಿದ್ದರೆ ಸಾಕು, ಕಾಲು ಹೊರಗಿದ್ದರೂ ತಪ್ಪಿಲ್ಲ. ಚೆಂಡೇ ಗೆರೆ ದಾಟಿ ಮುಂದಿದ್ದರೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಎರಡು ಹೊಡೆತ ಪೆನಾಲ್ಟಿ, ಮತ್ತೆ ಒಳಗಿನಿಂದಲೇ ಆಡಬೇಕು.

ಟೀ ಯಾವುದು? ಮುರಿದ ಮರದ ಟೀ. ತಲೆ ಸರಿಯಿದ್ದು ಒಂದೂವರೆ ಇಂಚು ಉಳಿದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಟೀ ಜಾಗದ ಸುತ್ತ ಹುಡುಕಿದರೆ ನಾಲ್ಕೈದು ಸಿಗುತ್ತವೆ, ಆರಿಸಿ ಜೇಬಿಗೆ ಹಾಕಿಕೊಳ್ಳಿ. ಅಗ್ಗದ ಪ್ಲಾಸ್ಟಿಕ್ ಟೀ ಕೊಳ್ಳಲೇಬೇಡಿ. ಕ್ಲಬ್ ಮುಖಕ್ಕೆ ಬಣ್ಣ ಮೆತ್ತುತ್ತದೆ, ತುಂಡುಗಳು ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡ್‌ಗೆ ಸಿಕ್ಕಿ ಮಾಲಿಗಳ ಕೆಲಸ ಹೆಚ್ಚಿಸುತ್ತವೆ. ಇನ್ನು ಕೆಲವರು ಟೀ ಬದಲು ಕ್ಲಬ್‌ನ ಹಿಮ್ಮಡಿಯಿಂದ ನೆಲ ಕುಟ್ಟಿ ಹುಲ್ಲಿನ ಗುಡ್ಡೆ ಎಬ್ಬಿಸುತ್ತಾರೆ. ನಿಯಮ ಒಪ್ಪುತ್ತದೆ, ನಾನು ಒಪ್ಪುವುದಿಲ್ಲ. ಹಿಂದೆ ಬರುವವರಿಗೂ ನೆಲ ಉಳಿಯಬೇಕು.

ಎತ್ತರ: ಎಲ್ಲರೂ ಎಡವುವುದು ಇಲ್ಲೇ. ಸಾಮಾನ್ಯವಾಗಿ ಚೆಂಡನ್ನು ಅಂಗೈಯಲ್ಲಿ ಹಿಡಿದು, ತೋರುಬೆರಳು ಮಧ್ಯದ ಬೆರಳುಗಳ ನಡುವೆ ಟೀ ಸಿಕ್ಕಿಸಿ ನೆಲಕ್ಕೆ ಒತ್ತುತ್ತೇವೆ. ಬೆರಳು ಹುಲ್ಲಿಗೆ ತಾಗುತ್ತಲೇ ಕೈ ತೆಗೆಯುತ್ತೇವೆ. ಆಗ ಚೆಂಡಿನ ಕೆಳಗೆ ಒಂದು ಬೆರಳಿನ ದಪ್ಪದಷ್ಟು ಜಾಗ ಉಳಿದಿರುತ್ತದೆ, ಎಂಟು, ಒಂಬತ್ತರಂಥ ಶಾರ್ಟ್ ಐರನ್‌ಗೆ ಅದು ತುಂಬಾ ಹೆಚ್ಚು. ಬೆರಳನ್ನು ಬಿಡಿಸಿಕೊಂಡು, ಚೆಂಡಿನ ನೆತ್ತಿಯ ಮೇಲೆ ಅಂಗೈ ಇಟ್ಟು ಇನ್ನೊಮ್ಮೆ ಒತ್ತಿ. ಟೀಯ ಬಟ್ಟಲು ಹುಲ್ಲಿನ ಮಟ್ಟಕ್ಕೆ ಇಳಿಯಬೇಕು. ಚೆಂಡಿನ ಅಡಿಗೂ ಹುಲ್ಲಿಗೂ ನಡುವೆ ಎರಡು ಬೆಂಕಿಕಡ್ಡಿ ಅಡ್ಡ ತೂರಿಸುವಷ್ಟು ಸಂದು ಸಾಕು. ಒಂದು ಹೆಜ್ಜೆ ಹಿಂದೆ ಸರಿದು ಬಗ್ಗಿ ನೋಡಿ: ಫೇರ್‌ವೇಯಲ್ಲಿ (ಟೀ ಜಾಗಕ್ಕೂ ಗ್ರೀನ್‌ಗೂ ನಡುವಿನ ಕತ್ತರಿಸಿದ ಹುಲ್ಲುಹಾದಿ) ದಟ್ಟ ಹುಲ್ಲಿನ ಮೇಲೆ ಚೆಂಡು ಚೆನ್ನಾಗಿ ಕೂತ ಹಾಗೆ ಕಾಣಬೇಕು.

ಎತ್ತರವಾದರೆ ಏನಾಗುತ್ತದೆ? ಕಳೆದ ಮಳೆಗಾಲದಲ್ಲಿ ಗೆಳೆಯರೊಬ್ಬರು 130 ಯಾರ್ಡ್ ಹೋಲ್‌ನಲ್ಲಿ ನೈನ್ ಐರನ್ ಬೀಸಿದರು. ಚೆಂಡು ನೆಟ್ಟಗೆ ಆಕಾಶಕ್ಕೇರಿ, ಗ್ರೀನ್ ಮುಂದಿನ ಬಂಕರ್‌ಗೆ, ಅಂದರೆ ಮರಳು ಗುಂಡಿಗೆ, ಇಳಿಯಿತು. ಕ್ಲಬ್ ತಿರುಗಿಸಿದರೆ ಮುಖದ ಮೇಲಂಚಿನಲ್ಲಿ ಚೆಂಡಿನ ಒದ್ದೆ ಗುರುತು. ಕ್ಲಬ್ ಚೆಂಡಿನ ಅಡಿಯಲ್ಲೇ ನುಸುಳಿಹೋಗಿತ್ತು. ಮುಂದಿನ ಪಾರ್-3ರಲ್ಲಿ ಅವರ ಬ್ಯಾಗ್ ಹೊರುವ ಕ್ಯಾಡಿ ಬಿಡಲಿಲ್ಲ: "ಸರ್, ಇನ್ನೂ ಒಳಗೆ ಹೋಗ್ಲಿ. ಬಾಲು ಹುಲ್ಲಿನ ಮೇಲೆ ಕೂತಂಗಿರ್ಬೇಕು." ಆ ಹೊಡೆತ ಗ್ರೀನ್ ಮೇಲೆ ಬಿದ್ದು, ಎರಡು ಪುಟಿತಕ್ಕೆ ನಿಂತಿತು. ಎತ್ತರದ ಚೆಂಡು ಇನ್ನೊಂದು ಕೆಟ್ಟ ಚಾಳಿಯನ್ನೂ ಕಲಿಸುತ್ತದೆ: ಕೆಳಮುಖವಾಗಿ ಹೊಡೆಯಬೇಕಾದ ಐರನ್‌ನಲ್ಲಿ ಚೆಂಡನ್ನು ಮೇಲಕ್ಕೆ ಮೊಗೆಯುವ ಆಸೆ ಹುಟ್ಟುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ನೆಲ ಕಲ್ಲಾಗಿರುತ್ತದೆ. ಒತ್ತಿದರೆ ಟೀ ಮುರಿಯುತ್ತದೆ, ಇಲ್ಲವೇ ಅರ್ಧಕ್ಕೇ ನಿಲ್ಲುತ್ತದೆ. ಬೇಸತ್ತವರು ಹಾಗೇ ಹೊಡೆಯುತ್ತಾರೆ. ಗ್ರೀನ್ ಮೇಲಿನ ಗುರುತು ಸರಿಪಡಿಸುವ ಪುಟ್ಟ ಫೋರ್ಕ್ ಜೇಬಿನಲ್ಲಿರುತ್ತದಲ್ಲ, ಅದರ ಮೊನೆಯಿಂದ ಮೊದಲು ತೂತು ಮಾಡಿ, ಆಮೇಲೆ ಟೀ ಇಳಿಸಿ.

ಹೊಡೆತ. ಟೀ ಇಲ್ಲವೇ ಇಲ್ಲ ಎಂಬಂತೆ, ಫೇರ್‌ವೇಯಲ್ಲಿ ಹೊಡೆಯುವ ಹಾಗೇ ಹೊಡೆಯಿರಿ. ನಿಂತಾಗ ಕಾಲುಗಳ ನಡುವೆ ಚೆಂಡಿರುವ ಜಾಗ ಬದಲಿಸಬೇಡಿ. ಕ್ಲಬ್ ಇಡುವಾಗ ತಾಗಿ ಚೆಂಡು ಉರುಳಿದರೆ ಗಾಬರಿ ಬೇಡ, ಪೆನಾಲ್ಟಿಯಿಲ್ಲ; ಎತ್ತಿ ಮತ್ತೆ ಇಡಿ.

ಪರೀಕ್ಷೆ. ಚೆಂಡು ಬಿದ್ದ ಮೇಲೆ ನೆಲ ನೋಡಿ. ತೆಳ್ಳನೆಯ ಡಿವಟ್ ಟೀಯಿಂದ ಮುಂದಕ್ಕೆ ಶುರುವಾಗಿದ್ದರೆ ಹೊಡೆತ ಸರಿ. ಟೀಗಿಂತ ಹಿಂದೆ ಮಣ್ಣು ಎದ್ದಿದ್ದರೆ ಟೀ ಎತ್ತರವನ್ನು ದೂರಬೇಡಿ, ಮೈಭಾರ ಎಡಗಾಲಿಗೆ ಬಂದಿಲ್ಲ (ಎಡಗೈಯವರಿಗೆ ಬಲಗಾಲು). ಅಭ್ಯಾಸದ ದಿನ ಕ್ಲಬ್ ಮುಖಕ್ಕೆ ಸೀಮೆಸುಣ್ಣ ತಿಕ್ಕಿ ಹತ್ತು ಚೆಂಡು ಹೊಡೆಯಿರಿ; ಗುರುತು ಮುಖದ ನಡುವಿಗಿಂತ ತುಸು ಕೆಳಗೇ ಬೀಳುವವರೆಗೆ ಟೀ ಇಳಿಸುತ್ತಾ ಹೋಗಿ. ರೇಂಜ್‌ನ (ಅಭ್ಯಾಸದ ಮೈದಾನ) ಚಾಪೆಗೆ ಚುಚ್ಚಿದ ರಬ್ಬರ್ ಟೀ ಮೇಲೆ ಇದನ್ನು ಮಾಡಬೇಡಿ, ಅದರ ಎತ್ತರ ಡ್ರೈವರ್‌ಗೆ ಸರಿಯಾದದ್ದು. ಹುಲ್ಲಿನ ಮೇಲೇ ಮಾಡಿ. ರೌಂಡ್ ಆಡುವಾಗ ಮಾತ್ರ ಕ್ಲಬ್‌ಗೆ ಸೀಮೆಸುಣ್ಣ ಹಚ್ಚುವಂತಿಲ್ಲ. ಮೊದಲ ಹೋಲ್‌ನ ಟೀ ಜಾಗಕ್ಕೆ ಹೋಗುವ ಮುನ್ನ ಒದ್ದೆ ಬಟ್ಟೆಯಿಂದ ಗೀರುಗಳನ್ನು ಪೂರ್ತಿ ಒರೆಸಿಕೊಳ್ಳಿ.