ಇಳಾ ಅಂದ್ರೆ ಇಳಾನೇ: ಗೆಜೆಟ್ ಇಲ್ಲದೆ ಹೆಸರು ಸರಿ ಮಾಡಿಸಿದ ನನ್ನ ಅನುಭವ

ದಾಖಲೆಗಳಲ್ಲಿ ತಪ್ಪಾಗಿ ಬಿದ್ದ ಹೆಸರನ್ನು ಸರಿ ಮಾಡಿಸೋದು ಗೆಜೆಟ್ (ಸರ್ಕಾರಿ ರಾಜ್ಯಪತ್ರದಲ್ಲಿ ಹೆಸರಿನ ಪ್ರಕಟಣೆ) ಮಾಡಿಸದೆ ಆಗೋ ಕೆಲಸವೇ ಅಲ್ಲ ಅಂತ ಮೂರು ಜನ ಹೇಳಿದ್ದರು. ಒಬ್ಬ ಏಜೆಂಟ್, ನಮ್ಮ ಆಫೀಸಿನ ಅಕೌಂಟ್ಸ್‌ನವರು, ಮತ್ತೆ ನಮ್ಮ ಚಿಕ್ಕಪ್ಪ. ‘ತಪ್ಪು ಸ್ಪೆಲ್ಲಿಂಗನ್ನೇ ಎಲ್ಲ ಕಡೆ ಇಟ್ಕೊಂಡುಬಿಡೇ, ಯಾರು ನೋಡ್ತಾರೆ’ ಅಂದಿದ್ದರು ಚಿಕ್ಕಪ್ಪ. ಹೋದ ತಿಂಗಳು ಪಿಎಫ್‌ನಲ್ಲೂ ಹೆಸರು ಸರಿಯಾಯಿತು. ಪಾಸ್‌ಪೋರ್ಟ್, ಆಧಾರ್, ಪ್ಯಾನ್, ಬ್ಯಾಂಕ್, ಪಿಎಫ್, ಐದರಲ್ಲೂ ಈಗ ಒಂದೇ ಇಳಾ. ಅಫಿಡವಿಟ್ ಮಾಡಿಸಲಿಲ್ಲ, ಪೇಪರಿಗೆ ಜಾಹೀರಾತು ಕೊಡಲಿಲ್ಲ.

ಇಂಗ್ಲಿಷಿನಲ್ಲಿ ನನ್ನ ಹೆಸರು Ila. ಆಧಾರ್‌ನಲ್ಲಿ ಅದಕ್ಕೆ ಡಬಲ್ ಎಲ್ ಬಿದ್ದಿತ್ತು. ಇಂಗ್ಲಿಷಿನಲ್ಲಿ ನೋಡಿದರೆ ಸಣ್ಣ ತಪ್ಪು. ಕನ್ನಡದ ಸಾಲಿನಲ್ಲಿ ಅದು ‘ಇಲ್ಲ’ ಅಂತ ಕೂತಿತ್ತು. ಭೂಮಿ ಅನ್ನೋ ಅರ್ಥ ಬರಲಿ ಅಂತ ಅಜ್ಜಿ ಆರಿಸಿ ಇಟ್ಟ ಹೆಸರು. ಕಾರ್ಡ್ ತೆಗೆದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಪ್ಯಾನ್‌ನಲ್ಲಿ ‘ಈಲಾ’. ಸರಿಯಾಗಿದ್ದದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಅದನ್ನು ತೋರಿಸಿ ಮಾಡಿಸಿದ ಪಾಸ್‌ಪೋರ್ಟ್ ಮಾತ್ರ.

ಮೊದಲು ಏಜೆಂಟ್ ಹತ್ತಿರ ಹೋದೆ. 1,500 ರೂಪಾಯಿ ಮುಂಗಡ ತಗೊಂಡ. ಗೆಜೆಟ್‌ಗೆ ಇನ್ನೂ ಐದಾರು ಸಾವಿರ ಬೇಕು ಅಂದ. ಆ 1,500 ವಾಪಸ್ ಬರಲಿಲ್ಲ. ಆಮೇಲೆ ನಾನೇ ಪ್ಯಾನ್ ತಿದ್ದುಪಡಿಗೆ ಹಾಕಿದೆ. ಪ್ರತಿ ಸಲ ನೂರು ಚಿಲ್ಲರೆ ಶುಲ್ಕ, ಎರಡು ಸಲ ತಿರಸ್ಕಾರ. ಆಧಾರ್‌ನಲ್ಲೇ ಹೆಸರು ಬೇರೆ ಇದ್ದರೆ ಇನ್ನೇನಾಗುತ್ತೆ? ಕ್ರಮ ತಪ್ಪಿದ್ದೆ.

ನಿಜವಾದ ಪೆಟ್ಟು ಬಿದ್ದದ್ದು ಆಧಾರ್‌ನಲ್ಲಿ. ಅಲ್ಲಿ ಹೆಸರು ಬದಲಾಯಿಸೋಕೆ ಜೀವಮಾನದಲ್ಲಿ ಎರಡೇ ಅವಕಾಶ ಅನ್ನೋದು ಗೊತ್ತಲ್ವಾ. ಪಾಸ್‌ಪೋರ್ಟ್ ಹಿಡಿದು ಹೋದೆ, ಅರ್ಜಿ ತುಂಬಿದೆ, ಸ್ಲಿಪ್ ನೋಡಿದೆ, ಸರಿಯಾಗಿದೆ ಅಂತ ಸಹಿ ಹಾಕಿದೆ. ಬಂದ ಕಾರ್ಡ್‌ನಲ್ಲಿ ಮೊದಲ ಅಕ್ಷರ ಐ ಆಗಿರಲಿಲ್ಲ, ಸಣ್ಣ ಎಲ್ ಆಗಿತ್ತು! ಎಷ್ಟೋ ಅಚ್ಚಿನಲ್ಲಿ ದೊಡ್ಡ ಐ, ಸಣ್ಣ ಎಲ್ ಎರಡೂ ಒಂದೇ ಗೀಟು. ನಾನು ಬರೆದ ರೀತಿಯೂ ಹಾಗೇ ಇತ್ತು. ಒಂದು ಅವಕಾಶ ಹೋಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಕಂಪ್ಯೂಟರಿನಲ್ಲಿ ಒಂದೊಂದೇ ಫಾಂಟ್ ಹಾಕಿ ನೋಡುತ್ತಾ ಕೂತೆ. ಏರಿಯಲ್‌ನಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣಲ್ಲ. ವರ್ಡಾನಾದಲ್ಲಿ ದೊಡ್ಡ ಐಗೆ ಮೇಲೆ ಕೆಳಗೆ ಅಡ್ಡಗೆರೆ ಇರುತ್ತೆ, ತಕ್ಷಣ ಗೊತ್ತಾಗುತ್ತೆ. ಆಗಲೇ ಹೊಳೆದದ್ದು: ಇಂಗ್ಲಿಷ್ ಸಾಲು ಮೋಸ ಮಾಡಬಹುದು, ಅದರ ಕೆಳಗಿನ ಕನ್ನಡ ಸಾಲು ಮಾಡಲ್ಲ. ಅದು ಇಂಗ್ಲಿಷ್ ಅಕ್ಷರಗಳಿಂದಲೇ ಮೂಡೋದು, ಐ ಜಾಗದಲ್ಲಿ ಎಲ್ ಬಿದ್ದಿದ್ದರೆ ಕನ್ನಡದಲ್ಲಿ ‘ಲ್ಲ’ ಅಂತ ಬರಲೇಬೇಕು. ಮೊದಲ ಸಲವೂ ಬಂದಿತ್ತು, ನಾನು ಓದಿರಲಿಲ್ಲ ಅಷ್ಟೇ.

ಎರಡನೇ ಸಲ ಅರ್ಜಿಯಲ್ಲಿ ಎಲ್ಲಾ ದೊಡ್ಡಕ್ಷರ, ಐಗೆ ಅಡ್ಡಗೆರೆ. ಆಧಾರ್ ಕೇಂದ್ರದ ಕಂಪ್ಯೂಟರ್ ಪರದೆಯಲ್ಲಿ ಕನ್ನಡ ಸಾಲನ್ನೇ ಮೊದಲು ನೋಡಿದೆ. ‘ಇಲ’ ಅಂತಿತ್ತು. ಅಂದರೆ ಐ ಸರಿಯಾಗಿದೆ. ‘ಮಳೆಯ ಳ ಹಾಕಮ್ಮ, ದೀರ್ಘ ಕೊಡು’ ಅಂದೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ತಿದ್ದಿದಳು. ಸ್ಲಿಪ್ಪನ್ನು ನಾಲ್ಕು ಸಲ ಓದಿ ಸಹಿ ಹಾಕಿದೆ. ಹತ್ತು ಹನ್ನೆರಡು ದಿನಕ್ಕೆ ಹೊಸ ಹೆಸರು ಬಂತು.

ಆಮೇಲೆ ಎಲ್ಲಾ ಸಲೀಸು. ಪ್ಯಾನ್‌ನಲ್ಲಿ ಒಂದು ಎಚ್ಚರ: ನನ್ನಂತೆ ಒಂದೇ ಹೆಸರಿದ್ದವರು ಅದನ್ನು ಲಾಸ್ಟ್ ನೇಮ್ ಖಾನೆಗೆ ಹಾಕಬೇಕು. ಪಾಸ್‌ಪೋರ್ಟ್‌ನಲ್ಲಿ ಅದೇ ಹೆಸರು ಗಿವನ್ ನೇಮ್ ಖಾನೆಯಲ್ಲಿ ಇರುತ್ತೆ, ಸರ್‌ನೇಮ್ ಖಾಲಿ. ಪಿಎಫ್‌ಗೆ ಕಂಪನಿ ಜೊತೆ ಜಂಟಿ ಘೋಷಣೆ ಕೊಟ್ಟೆ. ಬ್ಯಾಂಕಿನಲ್ಲಿ ಒಂದೇ ದಿನಕ್ಕೆ ಹೇಗಾಯಿತು ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದು ನನ್ನ ಹತ್ತಿರವೇ ಇರಲಿ. ಏಜೆಂಟ್ ತಿಂದದ್ದು ಬಿಟ್ಟರೆ ಒಟ್ಟು ಖರ್ಚು ಐನೂರರ ಆಸುಪಾಸು, ಜೊತೆಗೆ ನಾಲ್ಕು ದಿನ ರಜೆ.

ಇದರ ನಡುವೆ ಫೋನಿನಲ್ಲಿ ಹೆಸರು ಹೇಳೋದರ ಮೇಲೂ ಒಂದು ಪ್ರಯೋಗ ಮಾಡಿದೆ. ಸುಮಾರು ನಲವತ್ತು ಕರೆ. ಅರ್ಧದಷ್ಟು ಜನಕ್ಕೆ ‘ಐ, ಎಲ್, ಎ’ ಅಂದೆ, ಏಳೆಂಟು ಜನ ಸರಿ ಬರೆದರು. ಉಳಿದವರು ಐಲಾ, ಲೀಲಾ, ಶೀಲಾ ಮಾಡಿದರು. ಇನ್ನರ್ಧಕ್ಕೆ ‘ಇಳೆ, ಮಳೆ, ಇಳಾ’ ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಹದಿನೇಳೋ ಹದಿನೆಂಟೋ ಸರಿ ಬಂತು. ಈಗಲೂ ಹಾಗೇ ಹೇಳುತ್ತೇನೆ.

ಪಡಿತರ ಚೀಟಿಯಲ್ಲಿ ಇನ್ನೂ ‘ಈಲಾ’ ಇದೆ. ಮುಂದಿನ ಸೋಮವಾರ ಅದಕ್ಕೆ ಹೋಗುತ್ತಿದ್ದೇನೆ. ಈ ಸಲ ಚಿಕ್ಕಪ್ಪನೂ ಬರ್ತಾರಂತೆ. ಅವರ ಹೆಸರಿನಲ್ಲೂ ಒಂದು ‘ಳ’ ಇದೆ.