ಎದುರಾಳಿ ಹಾಕಿ ಕ್ಲಬ್‌ಗಳು ಮಕ್ಕಳನ್ನು ಒಟ್ಟಾಗಿ ಬೆಳೆಸುವ ಬಗೆ

1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಕ್ಕಗಳು, ಅಂದರೆ ಕೊಡವ ಮನೆತನಗಳು, ಪರಸ್ಪರ ಸೆಣಸುತ್ತಲೇ ಒಂದೇ ಹಬ್ಬವನ್ನು ನಡೆಸುತ್ತವೆ. ಕೊಡಗಿನ ಕ್ಲಬ್‌ಗಳು ಮಕ್ಕಳ ತರಬೇತಿಯನ್ನೂ ಇದೇ ಮನೋಭಾವದಿಂದ ಹಂಚಿಕೊಳ್ಳಬಹುದು.

ಮೊದಲು, ಜಂಟಿ ಶಿಬಿರದಲ್ಲಿ ಕಂಡ ಆಟಗಾರನನ್ನು ಇನ್ನೊಂದು ಕ್ಲಬ್ ಆ ಋತುವಿನಲ್ಲಿ ಸೆಳೆದುಕೊಳ್ಳಕೂಡದೆಂದು ಬರೆದು ಎಲ್ಲರೂ ಸಹಿ ಹಾಕಿ. ಈ ನಂಬಿಕೆಯಿಲ್ಲದೆ ತಮ್ಮ ಒಳ್ಳೆಯ ಆಟಗಾರರನ್ನು ಯಾರೂ ಕಳುಹಿಸುವುದಿಲ್ಲವಾದ್ದರಿಂದ, ಇದಕ್ಕೆ ಎಷ್ಟು ಸಮಯ ಹಿಡಿದರೂ ಚಿಂತೆಯಿಲ್ಲವೆಂಬುದು ನನ್ನ ಅಭಿಪ್ರಾಯ. ಗೋಲ್‌ಕೀಪರ್‌ಗಳಿಗೆ ಪ್ರತ್ಯೇಕ ತರಬೇತುದಾರರನ್ನು ಎಲ್ಲ ಕ್ಲಬ್‌ಗಳೂ ಸೇರಿ ನೇಮಿಸಿ, ಪ್ಯಾಡು, ಹೆಲ್ಮೆಟ್ಟುಗಳ ಖರ್ಚನ್ನು ಹಂಚಿಕೊಳ್ಳಿ. ವಾರಕ್ಕೊಂದು ದಿನ ಪೊನ್ನಂಪೇಟೆಯ ಕೃತಕ ಹುಲ್ಲಿನ ಟರ್ಫ್‌ನಲ್ಲಿ, ಕ್ಲಬ್‌ಗಳನ್ನು ಬೆರೆಸಿದ ತಂಡಗಳಾಗಿ ಆಡಿಸಿ. ಸಹಜ ಹುಲ್ಲಿನ ಮೈದಾನದಲ್ಲಿ ಕಲಿತ ಮಕ್ಕಳಿಗೆ ಅಲ್ಲಿನ ಚೆಂಡಿನ ವೇಗ ಹೊಸದು. ಮುಂಗಾರಿನ ತಿಂಗಳುಗಳಲ್ಲಿ ವ್ಯಾಯಾಮವು ಶಾಲೆಯ ಸಭಾಂಗಣದಲ್ಲೇ ನಡೆಯಲಿ. ದೂರದ ಹಾಡಿಗಳ ಮಕ್ಕಳಿಗೆ ಜೀಪಿನ ವ್ಯವಸ್ಥೆಯನ್ನು ಸರದಿಯಂತೆ ಒಂದೊಂದು ಕ್ಲಬ್ ವಹಿಸಿಕೊಳ್ಳಲಿ.